ಅರ್ತಿಲ್ಲ

ಜನವರಿ ೧೨

ಚಿಕ್ಕಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ ಎಂಬ ಸಾಲಿನಿಂದ ಕಾಗದ ಶುರು ಮಾಡುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದೆ. ನವೆಂಬರ್ ಕೊನೆಯಲ್ಲಿ ಶೆಡ್ಡಿನಲ್ಲಿ ಗಾಡಿಯ ವೈರಿಂಗ್ ಮಾಡುತ್ತಿದ್ದವರು ಹಾಗೇ ಕುಸಿದರು. ಜೀವಕ್ಕೆ ಅಪಾಯವಿಲ್ಲ. ಕಾಲೆಳೆದುಕೊಂಡು ಮನೆಯಿಂದ ಶೆಡ್ಡಿನವರೆಗೆ ನಡೆಯುತ್ತಾರೆ. ಬಲಗೈ ಏಳುವುದಿಲ್ಲ. ಮಾತು ಹೋಗಿದೆ.

ನಿಮಗೆ ತಿಳಿಸುವುದು ತಡವಾಯಿತು. ನೀವು ಎಲ್ಲಿದ್ದೀರಿ ಎಂಬುದೇ ನಮಗೆ ಗೊತ್ತಿರಲಿಲ್ಲ. ಯಾವುದೋ ಗಣಿಯಲ್ಲಿ ದೊಡ್ಡ ಲಾರಿಗಳ ವೈರಿಂಗ್ ನೋಡಿಕೊಳ್ಳುತ್ತಿದ್ದೀರಿ, ಅಲ್ಲಿ ಫೋನು ಹಿಡಿಯುವುದಿಲ್ಲ, ಸಾಮಾನು ತರುವ ಗಾಡಿಯಲ್ಲೇ ಟಪಾಲು ಬರಬೇಕು ಎಂದು ಬ್ಯಾಟರಿ ಅಂಗಡಿಯವರು ಹೇಳಿ ವಿಳಾಸ ಬರೆದುಕೊಟ್ಟರು. ನೀವು ಶೆಡ್ಡು ಬಿಟ್ಟು ಹೋದ ಮೇಲೆ ಅಪ್ಪ ನಿಮ್ಮ ಹೆಸರೆತ್ತಿಲ್ಲ. ನಿಮ್ಮ ಸ್ಟೂಲಿನ ಮೇಲೆ ಬೇರೆ ಯಾರನ್ನೂ ಕೂರಿಸಿಲ್ಲ, ಅದನ್ನೂ ಹೇಳಬೇಕು.

ಈಗ ವಿಷಯಕ್ಕೆ ಬರುತ್ತೇನೆ. ದನದ ಡಾಕ್ಟರ ಜೀಪು ನಮ್ಮ ಶೆಡ್ಡಿನಲ್ಲೇ ನಿಂತುಬಿಟ್ಟಿದೆ. ಅವರು ಗುಡ್ಡದ ಮೇಲಿನ ಮನೆಗಳಿಗೆ ಹೋಗುವವರು. ರಸ್ತೆ ಎನ್ನುವುದು ಹೆಸರಿಗೆ ಮಾತ್ರ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕ. ಹೆಡ್‌ಲೈಟ್ ಸಾಲುವುದಿಲ್ಲ ಎಂದು ಮುಂದೆ ಹೆಚ್ಚಿನ ದೀಪ ಹಾಕಿಸಲು ಬಿಟ್ಟಿದ್ದರು. ಅಪ್ಪ ಡ್ಯಾಶ್‌ಬೋರ್ಡ್ ಬಿಚ್ಚಿ ವೈರುಗಳನ್ನೆಲ್ಲ ಹೊರಗೆಳೆದಿದ್ದಾಗಲೇ ಬಿದ್ದದ್ದು. ಬೇರೆ ಎಲೆಕ್ಟ್ರಿಷಿಯನ್ನನ್ನು ಕರೆಸಿದರೆ ಜೀಪಿನ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ನಾನು ಮುಟ್ಟಿದರೆ ಸುಮ್ಮನಿರುತ್ತಾರೆ. ಹಾಗಾಗಿ ಬಸ್ ಪಾಸ್ ಕೌಂಟರಿನ ಕೆಲಸ ಮುಗಿಸಿ ಬಂದ ಮೇಲೆ ನಾನೇ ಮಾಡೋಣ ಎಂದುಕೊಂಡಿದ್ದೇನೆ. ಚಿಕ್ಕಂದಿನಲ್ಲಿ ನಿಮ್ಮಿಬ್ಬರಿಗೂ ಟಾರ್ಚ್ ಹಿಡಿದದ್ದಷ್ಟೇ ನನ್ನ ವಿದ್ಯೆ. ಮೂಲೆಯಲ್ಲಿ ಎಲ್‌ಇಡಿ ದೀಪದ ಡಬ್ಬಿಗಳಿವೆ: ದುಂಡನೆಯವು ಒಂದು ಜೊತೆ, ಚೌಕದವು ಒಂದು ಜೊತೆ, ಉದ್ದನೆಯ ಪಟ್ಟಿ ಒಂದು. ಯಾವುದನ್ನು ಎಲ್ಲಿ ಹಾಕುವುದು?

ಇನ್ನೊಂದು ಸಂಗತಿ. ಅಪ್ಪನ ಬಾಯಲ್ಲಿ ಒಂದೇ ಒಂದು ಮಾತು ಉಳಿದಿದೆ. ‘ಅರ್ತಿಲ್ಲ.’ ಊಟಕ್ಕೆ ಕರೆದರೆ ಅರ್ತಿಲ್ಲ, ಮಾತ್ರೆ ಕೊಟ್ಟರೆ ಅರ್ತಿಲ್ಲ, ನನ್ನ ಮುಖ ನೋಡಿಕೊಂಡು ಅರ್ತಿಲ್ಲ. ಬದುಕಿಗೆ ಅರ್ಥ ಇಲ್ಲ ಎನ್ನುತ್ತಿದ್ದಾರೆಂದು ಅಮ್ಮ ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಾಳೆ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಇದೇನಾ ಕೊನೆಯ ಮಾತು ಎಂಬುದು ಅವಳ ಸಂಕಟ. ನನಗೆ ಬೇರೆಯೇ ಭಯ. ಒಳಗೆ ಅಪ್ಪ ಮೊದಲಿನ ಅಪ್ಪನಾಗಿಯೇ ಇದ್ದಾರಾ, ಇಲ್ಲವಾ? ಅದೊಂದು ಗೊತ್ತಾದರೆ ಸಾಕು. ಮಾತಿನ ಚಿಕಿತ್ಸೆಯವರಿಗೆ ತೋರಿಸಿ ಎಂದು ಆಸ್ಪತ್ರೆಯವರು ಚೀಟಿ ಕೊಟ್ಟಿದ್ದಾರೆ.

ಇಂತಿ,
ನಿಮ್ಮ ಫ್ಯೂಸ್
(ಹೆಸರಿಟ್ಟವರು ನೀವೇ. ಮರೆತಿದ್ದರೆ ಎಂದು ನೆನಪಿಸಿದೆ.)


ಜನವರಿ ೨೮

ಫ್ಯೂಸ್ ಮಗಳೇ,

ಮರೆಯುವುದಾದರೂ ಹೇಗೆ? ಏನು ಹೇಳಿದರೂ ಚಟ್ಟನೆ ಸುಟ್ಟುಹೋಗುತ್ತಿದ್ದವಳು ನೀನು. ನಿನ್ನ ಕಾಗದ ಬಂತು. ಡಂಪರಿನ ಕೆಳಗೆ ಮಲಗಿ ಓದಿದೆ, ಓದಿ ಮುಗಿದ ಮೇಲೂ ಅಲ್ಲಿಂದ ಏಳಲಿಲ್ಲ.

ಮೊದಲು ಅತ್ತಿಗೆಗೆ ಹೇಳು, ಅಳು ನಿಲ್ಲಿಸಲಿ. ಬದುಕಿನ ಅರ್ಥ ಹುಡುಕುವ ಆಸಾಮಿ ಅಲ್ಲ ನಮ್ಮಣ್ಣ. ಅವನು ಹೇಳುತ್ತಿರುವುದು ಅರ್ಥ್. ಕಪ್ಪು ವೈರು ಕಣೇ. ಬ್ಯಾಟರಿಯ ಕರೆಂಟು ಕೆಂಪು ವೈರಿನಲ್ಲಿ ದೀಪಕ್ಕೆ ಹೋಗುತ್ತದೆ. ಕಪ್ಪು ವೈರನ್ನು ಗಾಡಿಯ ಮೈಯ ತಗಡಿಗೆ ಕೊಟ್ಟರೆ ಅದರ ಮೂಲಕ ವಾಪಸು ಬರುತ್ತದೆ. ಅದಕ್ಕೆ ನಾವು ಅರ್ಥ್ ಎನ್ನುತ್ತೇವೆ. ಅರ್ಥ್ ಇಲ್ಲ ಅಂದರೆ ದೀಪ ಇಲ್ಲ. ‘ಅರ್ಥ್ ಇಲ್ಲ ನೋಡೋ’ ಎಂದು ಎಷ್ಟು ಸಲ ನನ್ನ ತಲೆಗೆ ಮೊಟಕಿದ್ದಾನೆ ನಿಮ್ಮಪ್ಪ. ಜೀಪಿಗೆ ಅರ್ಥ್ ಕೊಡುವಷ್ಟರಲ್ಲಿ ಬಿದ್ದಿದ್ದಾನೆ, ಆ ಕೆಲಸ ಬಾಕಿ ಇದೆ ಎಂದು ಬಡಕೊಳ್ಳುತ್ತಿದ್ದಾನೆ. ಅವನ ತಲೆ ನೆಟ್ಟಗಿದೆ. ನಾಲಿಗೆ ಮಾತ್ರ ಕೈಕೊಟ್ಟಿದೆ.

ಎಲ್‌ಇಡಿ ಡಬ್ಬಿಗಳಿವೆ ಎಂದೆಯಲ್ಲ, ಅಣ್ಣನೇ ತರಿಸಿದ್ದಾ? ನಂಬಿಕೆ ಬರಲಿಲ್ಲ. ಇರಲಿ.

ಕೇಳು. ಉದ್ದನೆಯ ಪಟ್ಟಿ ಬೇಡ. ಅದನ್ನು ಎಲ್ಲರೂ ಗಾಡಿಯ ತಲೆ ಮೇಲೆ ಹಾಕಿಸಿಕೊಳ್ಳುತ್ತಾರೆ, ನೋಡಲು ಜೋರು, ಆದರೆ ಬೆಳಕು ಬಾನೆಟ್ಟಿನ ಮೇಲೆ ಬಿದ್ದು ಓಡಿಸುವವನ ಕಣ್ಣಿಗೇ ವಾಪಸು ಹೊಡೆಯುತ್ತದೆ. ದುಂಡನೆಯದು ದೂರಕ್ಕೆ, ಸಣ್ಣ ಸುರಂಗದ ಹಾಗೆ ನೆಟ್ಟಗೆ ಹೋಗುತ್ತದೆ. ಓಟದ ಗಾಡಿಗೆ ಸರಿ. ದನದ ಡಾಕ್ಟರು ಆಮೆಯ ಹಾಗೆ ಹೋಗುವವರು, ಅವರಿಗೆ ಬೇಕಾದದ್ದು ಕಂದಕದ ಅಂಚು. ಅದಕ್ಕೆ ಚೌಕದವು, ಹತ್ತಿರಕ್ಕೆ ಅಗಲವಾಗಿ ಹರಡುತ್ತವೆ. ಬಂಪರಿನ ಎರಡು ಮೂಲೆಗೆ ಹಾಕು, ಮುಖ ಸ್ವಲ್ಪ ಹೊರಕ್ಕೆ ತಿರುಗಿಸು. ಡಬ್ಬಿಯಲ್ಲಿ ಹಳದಿ ಮುಚ್ಚಳ ಇದ್ದರೆ ಅದನ್ನೂ ತೊಡಿಸು. ಮಂಜಿನಲ್ಲಿ, ಧೂಳಿನಲ್ಲಿ ಬಿಳಿ ಬೆಳಕು ಹಾಲು ಚೆಲ್ಲಿದ ಹಾಗೆ ಕಾಣುತ್ತದೆ, ದಾರಿ ಕಾಣುವುದಿಲ್ಲ. ಡಬ್ಬಿಯ ಮೇಲೆ ಬರೆದ ವ್ಯಾಟನ್ನು ನಂಬಬೇಡ, ಅದರಲ್ಲಿ ಅರ್ಧ ಬರೀ ಬಡಾಯಿ.

ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡು. ಅವನಿಗೆ ಎಲ್ಲ ತಿಳಿಯುತ್ತದೆ.

ಚಿಕ್ಕಪ್ಪ


ಫೆಬ್ರವರಿ ೧೪

ಚಿಕ್ಕಪ್ಪನಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಮತ್ತೆ ಅತ್ತಳು, ಈ ಸಲ ನಗುತ್ತ. ಆಮೇಲೆ ಸೀದಾ ಅಪ್ಪನ ಹತ್ತಿರ ಹೋಗಿ, ‘ವೈರಿನ ವಿಷಯ ಅಂತ ಮೊದಲೇ ಹೇಳಬಾರದಿತ್ತಾ’ ಎಂದು ಜಗಳಕ್ಕೆ ನಿಂತಳು. ಮಾತು ಹೋದವರ ಹತ್ತಿರ ಎಂತಹ ಪ್ರಶ್ನೆ ನೋಡಿ. ಅಪ್ಪ ಅವಳ ಮುಖ ನೋಡಿ ನಕ್ಕರು. ಬಿದ್ದಾಗಿನಿಂದ ಅವರು ನಕ್ಕದ್ದು ಅದೇ ಮೊದಲು. ಅಂದಿನಿಂದ ಅಮ್ಮ ಅವರ ಜೊತೆ ಎಡೆಬಿಡದೆ ಮಾತಾಡುತ್ತಾಳೆ. ನೆಂಟರ ಸುದ್ದಿ, ನೀರಿನ ಸುದ್ದಿ, ಪಕ್ಕದ ಮನೆಯವರ ಗೋಡೆಯ ಸುದ್ದಿ. ಅಪ್ಪ ಎಲ್ಲಕ್ಕೂ ತಲೆಯಾಡಿಸುತ್ತಾರೆ.

ಮಾತಿನ ಚಿಕಿತ್ಸೆಯವರ ಬಳಿ ಈಗಲೇ ಹೋಗುವುದು ಬೇಡ ಎಂದುಕೊಂಡಿದ್ದೇವೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಅವರ ಕಾಲಿಗೆ ಕಷ್ಟ. ತಿಳಿವಳಿಕೆ ಇದೆಯಲ್ಲ, ಮಾತು ನಿಧಾನಕ್ಕೆ ಬರಲಿ.

ಕೆಲಸ ಶುರು ಮಾಡಿದ್ದೇನೆ. ಚೌಕದ ದೀಪಗಳು ಬಂಪರಿನ ಮೇಲೆ ಕೂತಿವೆ. ಕಟಿಂಗ್ ಪ್ಲೇಯರ್ ಕೊಡಿ ಎಂದರೆ ಅಪ್ಪ ಇನ್ಸುಲೇಷನ್ ಟೇಪು ಕೊಟ್ಟರು. ಮತ್ತೆ ಕೇಳಿದೆ, ಮತ್ತೆ ಟೇಪನ್ನೇ ಕೊಟ್ಟರು. ಸ್ವಲ್ಪ ಎದೆ ಧಸಕ್ಕೆಂದಿತು. ಸ್ವಿಚ್ಚಿಗೂ ದೀಪಕ್ಕೂ ನಡುವೆ ಕೂರಿಸುವ ಪುಟ್ಟ ಡಬ್ಬಿ, ಆ ರಿಲೇಗೆ ನಾಲ್ಕು ಕಾಲುಗಳಿವೆ, ಯಾವ ಕಾಲಿಗೆ ಯಾವ ವೈರು ಎಂದು ತಿಳಿಯದೆ ಕೂತಿದ್ದೇನೆ. ಅಪ್ಪನನ್ನು ಕೇಳಿದರೆ ಅರ್ತಿಲ್ಲ ಎನ್ನುತ್ತಾರೆ.

ಶೆಡ್ಡಿನ ಕೀಲಿಯನ್ನು ನೀವು ಇಡುತ್ತಿದ್ದ ಜಾಗದಲ್ಲೇ ಇಡುತ್ತಿದ್ದೇವೆ. ಸುಮ್ಮನೆ ಬರೆದೆ.

ನಿಮ್ಮ,
ಫ್ಯೂಸ್


ಫೆಬ್ರವರಿ ೨೭

ಮಗಳೇ,

ಎದೆ ಧಸಕ್ಕೆನ್ನುವಂಥದ್ದು ಏನಿದೆ ಅದರಲ್ಲಿ? ಪ್ಲೇಯರ್ ಕೇಳಿದರೆ ಟೇಪು ಕೊಟ್ಟ ಎಂದರೆ, ನೀನು ಯಾವುದೋ ಜಾಯಿಂಟನ್ನು ಬೋಳಾಗಿ ಬಿಟ್ಟಿದ್ದೀಯ ಎಂದೇ ಅರ್ಥ. ಮೊದಲು ಅದನ್ನು ಸುತ್ತು, ಆಮೇಲೆ ಮುಂದಿನದು ಕತ್ತರಿಸು ಎನ್ನುತ್ತಿದ್ದಾನೆ. ನನಗೂ ಹೀಗೇ ಮಾಡುತ್ತಿದ್ದ. ಹೋಗಿ ನೋಡು, ಸಿಗುತ್ತದೆ.

ರಿಲೇಯ ಕಾಲುಗಳ ಪಕ್ಕ ಸಣ್ಣಗೆ ನಂಬರು ಕೊರೆದಿರುತ್ತದೆ. ೩೦ಕ್ಕೆ ಬ್ಯಾಟರಿಯ ಕೆಂಪು ವೈರು, ನಡುವೆ ನಿನ್ನ ಹೆಸರಿನದೊಂದು ಹಾಕು, ಬ್ಯಾಟರಿಗೆ ಹತ್ತಿರದಲ್ಲೇ ಇರಲಿ. ೮೭ರಿಂದ ದೀಪಗಳಿಗೆ. ೮೬ಕ್ಕೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ವೈರು. ೮೫ ಅರ್ಥ್‌ಗೆ. ನೋಡಿದೆಯಾ, ರಿಲೇ ಬಗ್ಗೆ ಕೇಳಿದರೆ ಅರ್ಥ್ ಎಂದಿದ್ದಾನೆ. ಇನ್ನು ನಿನಗೇನು ಸಾಕ್ಷಿ ಬೇಕು?

ವೈರು ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಹಾಕದೆ ಬಿಟ್ಟೀಯ ಮತ್ತೆ, ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ಬೆಂಕಿ ಹತ್ತುತ್ತದೆ.

ಇಲ್ಲಿ ಕೆಲಸ ಜಾಸ್ತಿ. ರಜೆ ಕೇಳಿಲ್ಲ.

ಚಿಕ್ಕಪ್ಪ


ಮಾರ್ಚ್ ೧೬

ಚಿಕ್ಕಪ್ಪ,

ದೀಪ ಹತ್ತಿತು. ಹತ್ತಿದ್ದು ಹೇಗೆ ಎಂದು ಹೇಳಿದರೆ ನೀವು ಕುಣಿಯುತ್ತೀರಿ.

ಭಾನುವಾರ ಬ್ಯಾಟರಿ ಕೂರಿಸಿ ಸ್ವಿಚ್ ಒತ್ತಿದೆ. ಬಲಗಡೆಯದು ಸರಿಯಾಗಿ ಉರಿಯಿತು. ಎಡಗಡೆಯದು ಮಿಣಮಿಣ ಎನ್ನುತ್ತಿತ್ತು. ಬಾನೆಟ್ ತಟ್ಟಿದರೆ ಆರುತ್ತಿತ್ತು, ಮತ್ತೆ ತಟ್ಟಿದರೆ ಹತ್ತುತ್ತಿತ್ತು. ದನದ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಕುರ್ಚಿಯಿಂದ ಎದ್ದು, ಕಾಲೆಳೆದುಕೊಂಡು ಬಂದು, ನನ್ನ ಭುಜ ಹಿಡಿದು ‘ಅರ್ತಿಲ್ಲ’ ಎಂದರು. ಕಪ್ಪು ವೈರನ್ನು ಬಿಚ್ಚಿ ನೋಡಿದೆ. ನಾನು ಅದನ್ನು ಕರೆಂಟು ಹಾಯದ ಪೇಂಟಿನ ಮೇಲೇ ಬೋಲ್ಟು ಹಾಕಿ ಬಿಗಿದಿದ್ದೆ. ಕೆಳಗಿನ ಪೇಂಟನ್ನು ಬೆಳ್ಳಗೆ ಲೋಹ ಕಾಣುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದೆ. ದೀಪ ಮಿಣುಕದೆ ಉರಿಯಿತು. ಆಮೇಲೆ ತಟ್ಟಿದರೂ ಗುದ್ದಿದರೂ ಅಲುಗಲಿಲ್ಲ.

ನಾನು ಕಿರುಚಿದೆ, ಅಮ್ಮ ಓಡಿ ಬಂದಳು, ದನದ ಡಾಕ್ಟರು ಅಪ್ಪನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಲುಕಿದರು. ಅಪ್ಪ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ನಕ್ಕರು. ಒಳಗೆ ಇದ್ದಾರೆ ಚಿಕ್ಕಪ್ಪ, ಅಪ್ಪ ಒಳಗೆ ಇದ್ದಾರೆ. ನೀವು ಹೇಳಿದ್ದೇ ನಿಜ.

ಇನ್ನು ದೀಪಗಳ ಮುಖ ಹೊಂದಿಸುವುದು ಬಾಕಿ. ಎದುರಿನ ಗೋಡೆಗೆ ಬೆಳಕು ಬಿಟ್ಟು, ಅದರ ಮೇಲಂಚು ದೀಪದ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬರುವ ಹಾಗೆ ಬಗ್ಗಿಸುವುದು ತಾನೇ? ದೊಡ್ಡ ರಸ್ತೆಗೆ ಬಂದಾಗ ಎದುರಿನವರ ಕಣ್ಣು ಕುಕ್ಕದಂತೆ ಈ ದೀಪ ಆರಿಸಬೇಕೆಂದು ಡಾಕ್ಟರಿಗೆ ಹೇಳಿದ್ದೇನೆ.

ಹೇಳಲೋ ಬೇಡವೋ ಎಂದುಕೊಂಡೇ ಬರೆಯುತ್ತಿದ್ದೇನೆ. ನೀವು ಅಪ್ಪನಿಗೆ ಒಂದು ಕಾಗದ ಬರೆದರೆ ಓದಿ ಹೇಳುತ್ತೇನೆ.

ನಿಮ್ಮ,
ಫ್ಯೂಸ್


ಏಪ್ರಿಲ್ ೨

ಫ್ಯೂಸ್, ಮೇಲಂಚಿನ ವಿಷಯ ನೀನು ಹೇಳಿದ್ದು ಸರಿ. ಕೆಳಗಿನದು ಅಣ್ಣನಿಗೆ. ನಿಧಾನಕ್ಕೆ ಓದು. ಏನಂದ ಎಂದು ಬರಿ.

ಅಣ್ಣಾ,

ನಿನ್ನ ಮುಂದೆ ನಿಂತು ಹೇಳಲಾಗದ್ದನ್ನು ಮಗಳ ಬಾಯಲ್ಲಿ ಹೇಳಿಸುತ್ತಿದ್ದೇನೆ. ನೀನು ನನ್ನ ಎಲ್‌ಇಡಿಯನ್ನು ಗಿರಾಕಿಯ ಎದುರು ‘ಇದು ದೀಪ ಅಲ್ಲ, ಆಟದ ಸಾಮಾನು’ ಎಂದೆಯಲ್ಲ, ನಾನು ಟೂಲ್ ಬಾಕ್ಸ್ ಎತ್ತಿಕೊಂಡು ಹೊರಟೆ. ಸಂಜೆಯೊಳಗೆ ಬಸ್‌ಸ್ಟ್ಯಾಂಡಿಗೆ ಬಂದು ಕರೆಯುತ್ತೀಯ ಎಂದುಕೊಂಡಿದ್ದೆ. ಎರಡು ಬಸ್ಸು ಬಿಟ್ಟು ಮೂರನೆಯದು ಹತ್ತಿದೆ. ನೀನೂ ಮನೆಯಲ್ಲಿ ನಾನೇ ವಾಪಸು ಬರುತ್ತೇನೆ ಎಂದುಕೊಂಡಿರುತ್ತೀಯ. ಇಬ್ಬರದೂ ಒಂದೇ ಹಟ.

ದೀಪದ ಮಾತು ಬಿಡು. ಅದರಲ್ಲಿ ಯಾರು ಗೆದ್ದರೂ ನನಗೇನು? ಇಲ್ಲಿ ನನ್ನ ಕೆಲಸವನ್ನು ಯಾರೂ ಬೈಯುವುದಿಲ್ಲ, ಸರಿ ಇದೆಯಾ ಎಂದು ತಿರುಗಿಯೂ ನೋಡುವುದಿಲ್ಲ. ನಿನ್ನಿಂದ ಬೈಸಿಕೊಳ್ಳದೆ ನನ್ನ ಕೈಗೆ ರುಚಿ ಇಲ್ಲ. ಬಾ ಎಂದು ನೀನು ಹೇಳಲಾರೆ ಎಂದು ಗೊತ್ತು. ಬೇಡ ಎನ್ನದಿದ್ದರೆ ಬರುತ್ತೇನೆ. ನಿನ್ನ ಬಲಗೈಯ ಕೆಲಸ ನಾನು ಮಾಡುತ್ತೇನೆ, ನೀನು ಕೂತು ಅರ್ಥ್ ಇಲ್ಲ ಎಂದು ಬೈಯುತ್ತಿರು.

ನಿನ್ನ ತಮ್ಮ


ಏಪ್ರಿಲ್ ೧೪

ಚಿಕ್ಕಪ್ಪನಿಗೆ,

ಓದಿದೆ. ಶೆಡ್ಡಿನಲ್ಲಿ, ಅವರ ಎದುರು ಕೂತು. ಬಸ್‌ಸ್ಟ್ಯಾಂಡಿನ ಸಾಲಿಗೆ ಬಂದಾಗ ಅತ್ತುಬಿಟ್ಟೆ. ತಲೆಯೆತ್ತಿ ನೋಡಿದರೆ ಅಪ್ಪನ ಕಣ್ಣಲ್ಲಿ ನೀರು. ನನ್ನ ಕೆನ್ನೆ ಒರೆಸಿದರು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಹಳ ಹೊತ್ತು ನೋಡಿ, ಮಡಚಿ ಮತ್ತೆ ನನಗೇ ಕೊಟ್ಟರು. ‘ಅರ್ತಿಲ್ಲ’ ಎಂದರು.

ಬೇಡ ಎನ್ನಲಿಲ್ಲ.

ಜೀಪು ಮೊನ್ನೆ ಹೋಯಿತು. ಶೆಡ್ಡು ಖಾಲಿ ಇದೆ. ಅಪ್ಪ ಮಾತ್ರ ಅದೇ ಜಾಗದಲ್ಲಿ ಕೂತು ಈಗಲೂ ಅರ್ತಿಲ್ಲ ಎನ್ನುತ್ತಾರೆ, ಮೊದಲಿಗಿಂತ ಜೋರಾಗಿ. ಒಮ್ಮೊಮ್ಮೆ ಎಡಗೈಯಿಂದ ಕಿವಿಯನ್ನು ಬಡಿದುಕೊಳ್ಳುತ್ತಾರೆ. ಜೀಪೇ ಇಲ್ಲದ ಮೇಲೆ ಯಾವ ಅರ್ಥ್ ಎಂದು ನನಗೆ ಹೊಳೆಯುತ್ತಿಲ್ಲ. ಚಿಕಿತ್ಸೆಯವರ ಹತ್ತಿರ ಸೋಮವಾರಕ್ಕೆ ಹೆಸರು ಬರೆಸಿದ್ದೇನೆ.

ಫ್ಯೂಸ್


ಏಪ್ರಿಲ್ ೨೩

ಮಗಳೇ,

ರಜೆ ಕೇಳಿದ್ದೇನೆ. ತಿಂಗಳ ಕೊನೆಯಲ್ಲಿ ಬಿಡುತ್ತಾರೆ. ನನ್ನ ಕಾಗದ ಕೇಳಿಸಿಕೊಂಡು ಅರ್ತಿಲ್ಲ ಎಂದನಲ್ಲ, ಅದನ್ನು ಓದಿ ಕ್ಯಾಂಪಿನ ಅಡುಗೆಯವನ ಮುಂದೆಲ್ಲ ನಕ್ಕೆ. ಕ್ಷಮಿಸಿದ್ದೇನೆ ಎನ್ನುವುದಕ್ಕೆ ಅವನಿಗೆ ಬೇರೆ ಮಾತು ಗೊತ್ತಿದ್ದರಲ್ಲವೇ? ಜೀಪು ಹೋದ ಮೇಲೂ ಹೇಳುತ್ತಾನೆ ಎಂದರೆ, ಕೈ ಖಾಲಿ ಎಂದು ಸಿಟ್ಟು. ಬೇರೆ ಗಾಡಿ ಹಿಡಿ. ನಾನು ಬರುವಷ್ಟರಲ್ಲಿ ಕೆಲಸ ಇರಲಿ.

ಚಿಕ್ಕಪ್ಪ


ಏಪ್ರಿಲ್ ೨೪

ಚಿಕ್ಕಪ್ಪ,

ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ ಮೂರು ದಿನ ಪೆನ್ನು ಮುಟ್ಟಲಿಲ್ಲ.

ಸೋಮವಾರ ಅಪ್ಪನೂ ನಾನೂ ಹೋಗಿದ್ದೆವು. ಸಣ್ಣ ಕೋಣೆ, ಮೇಜಿನ ಮೇಲೆ ಬಾಚಣಿಗೆ, ಚಮಚ, ಬೀಗದ ಕೈ, ಪೆನ್ನು. ಚಿಕಿತ್ಸೆ ಕೊಡುವವರು ನನ್ನ ವಯಸ್ಸಿನ ಹೆಣ್ಣುಮಗಳು. ಬೀಗದ ಕೈ ತೋರಿಸಿ ಎಂದರು. ಅಪ್ಪ ಬಾಚಣಿಗೆ ಎತ್ತಿಕೊಟ್ಟರು. ಪೆನ್ನು ಎಂದರೆ ಮತ್ತೆ ಬಾಚಣಿಗೆ. ಇವೆಲ್ಲ ಅವರ ಲಕ್ಷ್ಯಕ್ಕೆ ಬರುವುದಿಲ್ಲ, ಗಾಡಿಯ ವಿಷಯ ಕೇಳಿ ಎಂದೆ. ಅರ್ಥ್‌ನ ಕಥೆಯನ್ನೆಲ್ಲ ಹೇಳಿದೆ, ಪೇಂಟು ಕೆರೆದದ್ದು, ದೀಪ ಸರಿಹೋದದ್ದು, ಎಲ್ಲ. ಸ್ವಲ್ಪ ಜಂಬದಿಂದಲೇ ಹೇಳಿದೆ.

ಅವರು ಅಡ್ಡ ಮಾತಾಡಲಿಲ್ಲ. ಅಪ್ಪನ ಜೊತೆ ದೀಪದ ವಿಷಯ ಮಾತಾಡಿ ಎಂದರು. ಮಾತಾಡಿದೆ, ಅಪ್ಪ ತಲೆಯಾಡಿಸಿದರು. ಈಗ ಮುಖ ಹಾಗೇ ಇರಲಿ, ದನಿ ಹಾಗೇ ಇರಲಿ, ನಿಮ್ಮ ಕೌಂಟರಿನಲ್ಲಿ ಹೇಳುವುದನ್ನು ಹೇಳಿ ಎಂದರು. ನಾನು ಅಪ್ಪನ ಮುಖ ನೋಡುತ್ತ, ಎರಡು ಫೋಟೋ ತನ್ನಿ, ವಿಳಾಸದ ಪುರಾವೆ ತನ್ನಿ, ಹಳೆಯ ಪಾಸು ತಂದರೆ ಮಾತ್ರ ಹೊಸದು ಎಂದೆ. ಅಪ್ಪ ಹಾಗೇ ತಲೆಯಾಡಿಸಿದರು. ನಾನು ನಕ್ಕ ಕಡೆ ನಕ್ಕರು.

ಆಮೇಲೆ ನನ್ನ ಬಾಯಿಗೆ ಒಂದು ಹಾಳೆ ಅಡ್ಡ ಹಿಡಿಸಿ ಮಾತಾಡಿಸಿದರು. ಅಪ್ಪ ಗಾಬರಿಯಾಗಿ ನನ್ನ ಕಣ್ಣು ನೋಡಿದರು, ಅವರನ್ನು ನೋಡಿದರು. ‘ಅರ್ತಿಲ್ಲ’ ಎಂದರು.

‘ನಿಮ್ಮಪ್ಪ ಮೊದಲ ದಿನದಿಂದ ಸರಿಯಾಗೇ ಹೇಳ್ತಿದಾರೆ’ ಎಂದರು ಆಕೆ. ‘ನೀವು ಆಡೋ ಮಾತು ಅವರಿಗೆ ಅರ್ಥ ಆಗ್ತಿಲ್ಲ.’

ನಮ್ಮ ಮಾತು ಅವರ ಕಿವಿಗೆ ಪರದೇಶದ ಭಾಷೆಯ ಹಾಗೆ ಬೀಳುತ್ತಿದೆಯಂತೆ. ಬರೆದು ತೋರಿಸಿದರೂ ಅಷ್ಟೇ ಅಂತೆ. ಮುಖ ನೋಡಿ, ದನಿ ಕೇಳಿ ಊಹಿಸುತ್ತಾರಂತೆ. ಬುದ್ಧಿಗೆ ಏನೂ ಆಗಿಲ್ಲ, ತನಗೆ ತಿಳಿಯುತ್ತಿಲ್ಲ ಎಂಬುದು ಅವರಿಗೆ ಚೆನ್ನಾಗಿ ತಿಳಿದಿದೆಯಂತೆ. ಅಭ್ಯಾಸ ಮಾಡಿಸಿದರೆ ಸ್ವಲ್ಪ ಸುಧಾರಿಸಬಹುದು, ಇನ್ನೂ ಮೊದಲೇ ಬಂದಿದ್ದರೆ ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದರು.

ಬರುವಾಗ ಬಸ್ಸಿನಲ್ಲಿ ಒಂದೊಂದೇ ನೆನಪಾಯಿತು. ಟೇಪು ಕೊಟ್ಟದ್ದು, ರಿಲೇ ಹಿಡಿದು ಕೇಳಿದ್ದು, ಮಿಣಮಿಣ ಎನ್ನುವ ದೀಪದ ಹತ್ತಿರ ಬಂದು ನನ್ನ ಭುಜ ಹಿಡಿದದ್ದು. ಅಂದು ನಾನು ಏನೋ ಗೊಣಗುತ್ತಿದ್ದೆ, ಅದು ತಿಳಿಯಲಿಲ್ಲ ಎಂದು ಹೇಳಲು ಅಷ್ಟು ಕಷ್ಟಪಟ್ಟು ಎದ್ದು ಬಂದಿದ್ದರು. ನಾವು ಪೇಂಟು ಕೆರೆದು ಚಪ್ಪಾಳೆ ಹೊಡೆದೆವು. ಇಷ್ಟು ತಿಂಗಳು ಅಮ್ಮ ಹೇಳಿದ ಸುದ್ದಿಯಲ್ಲಿ ಒಂದೂ ಅವರಿಗೆ ಮುಟ್ಟಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಈಗಲೂ ಒಳಗೆ ಪಕ್ಕದ ಮನೆಯ ಗೋಡೆಯ ವಿಷಯ ಹೇಳುತ್ತಿದ್ದಾಳೆ, ಇಲ್ಲಿಗೆ ಕೇಳಿಸುತ್ತಿದೆ.

ನಿಮ್ಮ ಕಾಗದವೂ ಮುಟ್ಟಿಲ್ಲ, ಚಿಕ್ಕಪ್ಪ. ನಾನು ಅತ್ತದ್ದಕ್ಕೆ ಅವರು ಅತ್ತರು, ಅಷ್ಟೇ. ನೀವು ಬನ್ನಿ, ಬಂದು ಎದುರು ನಿಂತರೆ ಗುರುತು ಹಿಡಿಯುತ್ತಾರೆ. ಬಸ್‌ಸ್ಟ್ಯಾಂಡಿನ ಮಾತನ್ನು ಮಾತ್ರ ಅವರಿಗೆ ಹೇಗೆ ಹೇಳುತ್ತೀರೋ ನನಗೆ ತಿಳಿಯದು.

ಮನೆಗೆ ಬಂದ ಮೇಲೆ ಅಪ್ಪ ಮೆಟ್ಟಿಲ ಮೇಲೆ ಕೂತರು. ನಾನು ಚಪ್ಪಲಿ ಬಿಚ್ಚಿ ಕೊಡುತ್ತಿದ್ದೆ. ‘ಅರ್ತಿಲ್ಲ’ ಎಂದರು. ನಾನು ಮೊದಲ ಸಲ ಸರಿಯಾದ ಉತ್ತರ ಕೊಟ್ಟೆ. ‘ಹೌದಪ್ಪ. ನಿಮಗೆ ಅರ್ಥ ಆಗ್ತಿಲ್ಲ. ನಮಗೆ ಈಗ ಗೊತ್ತಾಯ್ತು’ ಎಂದೆ. ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಾತು ಮುಗಿಯುವ ತನಕ ಕಾದು, ನನ್ನ ಗಲ್ಲ ಹಿಡಿದು, ದಡ್ಡ ಮಗುವಿಗೆ ಬಿಡಿಸಿ ಹೇಳುವ ಹಾಗೆ, ನಿಧಾನವಾಗಿ ಮತ್ತೆ ಹೇಳಿದರು. ‘ಅರ್ತಿಲ್ಲ.’

ನಿಮ್ಮ,
ಫ್ಯೂಸ್